ತಲೆಯ ಹತ್ತಿರ ಯಾರಿದ್ದಾರೆ?

ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರೆ. ನಮಗೆ ಈಗ ಪೂಜಾರಿಗಳೇ ಜಾಸ್ತಿಯಾಗಿದ್ದಾರೆ. ಮೊದಲು ಇಡೀ ರಾಜ್ಯಕ್ಕೆ ಒಂದೇ ನಿಯಮ: ಒಂದು ಆಪರೇಷನ್ ಟೇಬಲ್‌ಗೆ ಒಬ್ಬ ಅರಿವಳಿಕೆ ವೈದ್ಯ. ಆಮೇಲೆ ಅಧಿಕಾರವನ್ನು ವಲಯ ಸಮಿತಿಗಳಿಗೆ ಹಂಚಿದರು. ನಮ್ಮ ವಲಯಕ್ಕೆ ಅಧ್ಯಕ್ಷನಾಗಿ ಬಂದವನು ಮುನೀಂದ್ರ, ಚಾಕು ಕೆಳಗಿಟ್ಟು ಕುರ್ಚಿ ಹಿಡಿದ ಮೂಳೆ ಡಾಕ್ಟರು. ಒಬ್ಬರು ಎರಡು ಟೇಬಲ್ ನೋಡಲಿ, ಅವರಿಲ್ಲದ ಕಡೆ ಟೆಕ್ನಿಷಿಯನ್ ಕೂರಲಿ ಎಂಬುದು ಅವನ ಆದೇಶದ ಕರಡು.

ನಮ್ಮ ಕಸುಬಿಗೂ ಒಂದು ಮಡಿ ಇದೆ. ಅರಿವಳಿಕೆ ಕೊಟ್ಟವರು ರೋಗಿಯ ತಲೆಯ ಹತ್ತಿರದಿಂದ ಏಳುವುದಿಲ್ಲ. ಏಳಲೇಬೇಕಾದರೆ ಆ ಜಾಗಕ್ಕೆ ನಮ್ಮಂಥವರೇ ಇನ್ನೊಬ್ಬರು ಬಂದಿರಬೇಕು. ಇದು ಮುನೀಂದ್ರನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಕರಡಿನ ಚರ್ಚೆಯ ಸಭೆಯನ್ನು ಆಪರೇಷನ್ ದಿನವೇ ಇಟ್ಟ, ಹಲಸೂರು ಕೆರೆಯ ಹಿಂದಿನ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ. ನಾವು ಬರಬಾರದು, ಬಾರದವರ ಒಪ್ಪಿಗೆ ಇದೆ ಅಂತ ಬರೆದುಕೊಳ್ಳಬೇಕು ಎಂಬುದು ಅವನ ಲೆಕ್ಕ. ಅಂಥ ಕುತಂತ್ರಿ.

ನನಗೆ ಅಂದು ರಜೆ. ಕೆ.ಆರ್. ಪುರದಿಂದ ಮೆಟ್ರೋದಲ್ಲಿ ಬಂದೆ. ನಮ್ಮ ಸಂಘದ ಕಾರ್ಯದರ್ಶಿ ಸಿದ್ಧಾರ್ಥ್ ಅದೇ ಆಸ್ಪತ್ರೆಯವನು. "ಪ್ರತಿಭಾ, ನೀನು ಸುಮ್ನೆ ಕೂತಿರು, ನಾನು ಮಾತಾಡ್ತೀನಿ" ಅಂತ ಮೊದಲೇ ಹೇಳಿದ್ದ. ಅವನು ಒಳಗೆ ಬಂದಾಗ ಆಪರೇಷನ್ ಮುಗಿಸಿಯೇ ಬಂದ ಅಂದುಕೊಂಡೆ.

ಚೆನ್ನಾಗಿಯೇ ಮಾತಾಡಿದ. ರೋಗಿಯ ಉಸಿರು ನಮ್ಮ ಕೈಲಿರುತ್ತೆ, ಅದನ್ನು ಹಂಚೋಕೆ ಆಗಲ್ಲ ಅಂದ. ಸಮಿತಿಯ ಇಬ್ಬರು ತಲೆಯಾಡಿಸಿದರು. ಮುನೀಂದ್ರ ಮಾತ್ರ ಸಿದ್ಧಾರ್ಥನ ಕೋಟಿನ ಕೆಳಗೆ ಇಣುಕುತ್ತಿದ್ದ ಆಪರೇಷನ್ ಥಿಯೇಟರಿನ ಹಸಿರು ಬಟ್ಟೆಯನ್ನೇ ನೋಡುತ್ತಿದ್ದ. ಫೋನ್ ಎತ್ತಿ ಥಿಯೇಟರಿಗೆ ಹಚ್ಚಿ, ಸ್ಪೀಕರ್ ಹಾಕಿದ.

"ಆಪರೇಷನ್ ನಡೀತಿದ್ಯೇನಪ್ಪ? ಪೇಷಂಟ್ ತಲೆ ಹತ್ರ ಯಾರಿದ್ದೀರಿ?"

"ನಾನೇ ಸಾರ್, ಟೆಕ್ನಿಷಿಯನ್ ಮುತ್ತಣ್ಣ. ಸಿದ್ಧಾರ್ಥ್ ಸರ್ ಈಗ್ಬಂದೆ ಅಂತ ಮೇಲೆ ಹೋದ್ರು."

"ಏನಾದ್ರೂ ತೊಂದ್ರೆ?"

"ಏನಿಲ್ಲ ಸಾರ್, ಎಲ್ಲ ಆರಾಮ."

ಸಿದ್ಧಾರ್ಥನನ್ನು ಉಳಿಸಲು ಪಾಪ ಮುತ್ತಣ್ಣ ಹಾಗಂದ. ನನಗೆ ಮೈ ಉರಿಯಿತು. ಕೆಳಗೆ ರೋಗಿ ಇದ್ದಾಳೆ ಅಂತ ಸಿದ್ಧಾರ್ಥ್ ನನಗೆ ಒಂದು ಮಾತು ಹೇಳಿದ್ದರೆ ಅಲ್ಲಿ ನಾನೇ ಕೂರುತ್ತಿದ್ದೆ. ಆದರೆ ಅವನಿಗೆ ಚಪ್ಪಾಳೆಗೆ ಜನ ಬೇಕಿತ್ತು.

ಆಗ ಮುತ್ತಣ್ಣನ ದನಿಯ ಹಿಂದೆ ಮಾನಿಟರಿನ ಶಬ್ದ ಕೇಳಿಸಿತು. ರಕ್ತದಲ್ಲಿ ಆಮ್ಲಜನಕ ಇಳಿದರೆ ಆ ಬೀಪ್‌ನ ಸ್ವರವೂ ಇಳಿಯುತ್ತದೆ. ನಾವು ನಿದ್ದೆಯಲ್ಲೂ ಅದನ್ನು ಗುರುತಿಸುತ್ತೇವೆ. ಸ್ವರ ಇಳಿಯುತ್ತಿತ್ತು. ಸಿದ್ಧಾರ್ಥ್ ಕುರ್ಚಿ ಬೀಳಿಸಿ ಓಡಿದ.

"ಆ ಶಬ್ದ ಕೇಳಿ, ಅವಳಿಗೆ ಆಕ್ಸಿಜನ್ ಸಾಲ್ತಿಲ್ಲ" ಅಂದೆ.

ಮುನೀಂದ್ರ ಫೋನ್ ಇಟ್ಟ. "ಮೇಡಂ, ಎಲ್ಲ ಆರಾಮ ಅಂದಿದ್ದನ್ನ ಇಡೀ ಸಮಿತಿ ಕೇಳಿದೆ." ಪೆನ್ನು ತೆಗೆದು ಆದೇಶಕ್ಕೆ ಸಹಿ ಹಾಕಿದ. "ಸೋಮವಾರದಿಂದ ಜಾರಿ. ನಿಮ್ಗೂ ಸೇರಿ."

ನಾನೂ ಕೆಳಗೆ ಓಡಿದೆ. ಟೇಬಲ್ ಮೇಲಿದ್ದವಳು ಶರಣವ್ವ, ವಿಮಾನಪುರದ ಕಡೆ ಗಾರೆ ಕೆಲಸಕ್ಕೆ ಬಂದ ಕಲಬುರಗಿಯ ಹೆಂಗಸು. ಗಂಟಲಿಗೆ ಹಾಕಿದ್ದ ಉಸಿರಾಟದ ಕೊಳವೆ ಜರುಗಿತ್ತು. ಸಿದ್ಧಾರ್ಥ್ ಅದನ್ನು ಸರಿಪಡಿಸಿ ಕೈಯಿಂದ ಚೀಲ ಒತ್ತಿ ಉಸಿರು ಕೊಡುತ್ತಿದ್ದ. ಮುತ್ತಣ್ಣ ಗೋಡೆಗೊರಗಿ ಅಳುತ್ತಿದ್ದ. ಬೀಪ್ ಒಂದೊಂದೇ ಸ್ವರ ಮೇಲೇರಿತು.

"ಉಳ್ಕೊಂಡ್ಲು, ಪ್ರತಿಭಾ" ಅಂದ ಸಿದ್ಧಾರ್ಥ್.

"ಇವತ್ತು ಉಳ್ಕೊಂಡ್ಲು" ಅಂದೆ. "ಸೋಮವಾರ ನೀನು ಪಕ್ಕದ ಟೇಬಲ್ ಹತ್ರ ಇರ್ತೀಯ."