ಹಿತ್ತಲಿನ ನೀಲಿ ಬಿಲ್ಲೆ

ನಾನು ಟೈಲರ್ ಹೆಂಡತಿ. ಅಂಗಿಗೆ ಕಾಜಾ ಹೊಲಿಯುವುದು, ಗುಂಡಿ ಹಾಕುವುದು ನನ್ನ ಕೆಲಸ. ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಸಣ್ಣ ಹಿತ್ತಲು. ಹಿತ್ತಲಲ್ಲಿ ಎರಡು ತರಕಾರಿ ಮಡಿ, ಒಂದು ನಲ್ಲಿ, ಸುತ್ತ ಗಿಡದ ಬೇಲಿ. ನಮಗೆ ನಾಲ್ಕು ವರ್ಷದ ಮಗಳಿದ್ದಾಳೆ. ದುಂಡಗಿದ್ದಾಳೆಂದು ಅವಳಪ್ಪ ಗುಂಡಿ ಎಂದೇ ಕರೆಯುತ್ತಾರೆ. ಈ ವಿಷಯ ಹೇಳಲು ನನಗೆ ಈಗಲೂ ಹೆದರಿಕೆ. ಆದರೂ ಹೇಳುತ್ತೇನೆ, ಏಕೆಂದರೆ ತಪ್ಪು ಮಾಡಿದವಳು ನಾನೇ.

ಶುರುವಾದದ್ದು ಇಲಿಗಳಿಂದ. ಮೊದಲು ಮಡಿಯಲ್ಲಿದ್ದ ಮೂಲಂಗಿ ಕಡಿದವು. ಆಮೇಲೆ ಅಂಗಡಿಗೆ ನುಗ್ಗಿ ಗಿರಾಕಿಯೊಬ್ಬರ ಹೊಸ ಪ್ಯಾಂಟಿನ ಮೊಣಕಾಲಿಗೆ ತೂತು ಮಾಡಿದವು. ನಮ್ಮ ಯಜಮಾನರು ಆ ಮನುಷ್ಯನ ಕಾಲು ಹಿಡಿಯುವುದೊಂದು ಬಾಕಿ. ಅದನ್ನೂ ಸಹಿಸಿಕೊಂಡೆ. ಒಂದು ಸಂಜೆ ಮಗಳಿಗೆ ಸ್ನಾನ ಮಾಡಿಸುತ್ತಿದ್ದಾಗ ಬಚ್ಚಲ ತೂಬಿನಿಂದ ಒದ್ದೆ ಇಲಿಯೊಂದು ಹೊರಬಂದು ಅವಳ ಪಾದದ ಮೇಲೇ ಹಾದು ಹೋಯಿತು. ಅವಳು ಒಂದು ಕಾಲು ಎತ್ತಿ ಹಿಡಿದು ನಡುಗುತ್ತಾ ನಿಂತಳು. ಅವಳಿಗಿಂತ ಹೆಚ್ಚು ಹೆದರಿದವಳು ನಾನು.

ಪಕ್ಕದ ಮನೆಯ ಅಕ್ಕ ಪಶು ಆಸ್ಪತ್ರೆಯಲ್ಲಿ ನರ್ಸ್. ಮರುದಿನ ಬೇಲಿಯ ಹತ್ತಿರ ನಿಂತು ಅವರಿಗೆ ಎಲ್ಲ ಹೇಳಿದೆ.

"ನೀನು ಹೆದರೋದು ಸರಿಯಾಗೇ ಇದೆ ಕಣೇ," ಎಂದರು. "ಇಲಿ ಮೂತ್ರದಿಂದ ಜ್ವರ ಬರುತ್ತೆ. ಜೀವಕ್ಕೇ ಬಂದ್ರೂ ಬಂತು. ಇಲಿ ಓಡಿಸ್ಲೇಬೇಕು. ಆದ್ರೆ ವಿಷ ಮಾತ್ರ ಇಡ್ಬೇಡ. ನಿಮ್ಮ ಬೇಲಿ ಬುಡದಲ್ಲಿ ಮುಳ್ಳಿಲಿ ಇದೆ, ನಾನು ನೋಡಿದ್ದೀನಿ."

"ಅದೂ ಇಲಿನೇ ತಾನೇ ಅಕ್ಕ. ಮೈಮೇಲೆ ಮುಳ್ಳಿದೆ ಅಷ್ಟೆ. ಎರಡೂ ಹೋಗ್ಲಿ ಬಿಡಿ."

"ಹೆಸರಲ್ಲಿ ಮಾತ್ರ ಇಲಿ. ಅದರ ಜಾತಿನೇ ಬೇರೆ. ಪಾಪದ ಪ್ರಾಣಿ, ಮುಟ್ಟಿದ್ರೆ ಉಂಡೆ ಥರ ಸುರುಟ್ಕೊಳ್ಳುತ್ತೆ. ಹುಳ ಹುಪ್ಪಟೆ, ಬಸವನಹುಳ ತಿನ್ಕೊಂಡು ಬದುಕುತ್ತೆ. ನಿನ್ನ ಮಡೀಲಿ ಸೊಪ್ಪು ಉಳಿದಿದ್ರೆ ಅದಕ್ಕೇ ಥ್ಯಾಂಕ್ಸ್ ಹೇಳ್ಬೇಕು ನೀನು."

"ಸರಿ, ವಿಷ ಇಡದೆ ಇಲಿ ಹೇಗೆ ಹೋಗುತ್ತೆ ಹೇಳಿ."

"ತಿನ್ನೋಕೆ ಸಿಗ್ಬೇಕು, ಕುಡಿಯೋಕೆ ಸಿಗ್ಬೇಕು, ಅಡಗೋಕೆ ಜಾಗ ಬೇಕು. ಇವಿಲ್ದಿದ್ರೆ ಇಲಿ ನಿಲ್ಲಲ್ಲ. ನಿಮ್ಮನೇಲಿ ಎಲ್ಲಾನೂ ನೀವೇ ಕೊಡ್ತಿದ್ದೀರ."

ಅಕ್ಕ ಒಂದೊಂದನ್ನೇ ಬೆರಳು ಮಾಡಿ ತೋರಿಸಿದರು. ಬೆಳಿಗ್ಗೆ ನಾನು ಹಕ್ಕಿಗಳಿಗೆಂದು ಮೆಟ್ಟಿಲ ಮೇಲೆ ಎರಚುವ ಕಾಳು ಅರ್ಧ ಹಾಗೇ ಬಿದ್ದಿತ್ತು. ನಲ್ಲಿ ಸೋರಿ ಕೆಳಗೆ ನೀರು ನಿಂತಿತ್ತು. ಮೂಲೆಯಲ್ಲಿ ಚಿಂದಿ ಬಟ್ಟೆಯ ಗುಡ್ಡೆಯಿತ್ತು. ಬಟ್ಟೆ ಕತ್ತರಿಸಿದ ಮೇಲೆ ಉಳಿಯುವ ತುಂಡುಗಳನ್ನು ನಮ್ಮವರು ಅಲ್ಲಿಗೇ ಎಸೆಯುತ್ತಿದ್ದರು. ಮುಂದೆ ದಿಂಬಿಗೆ ತುಂಬಬಹುದು ಎನ್ನುವುದು ಅವರ ಲೆಕ್ಕಾಚಾರ. ಮದುವೆಯಾದಂದಿನಿಂದ ಆ ದಿಂಬಿನ ಮಾತು ಕೇಳುತ್ತಿದ್ದೇನೆ. ಗುಡ್ಡೆ ಸೊಂಟದೆತ್ತರ ಬೆಳೆದಿತ್ತು, ದಿಂಬು ಮಾತ್ರ ಒಂದೂ ಆಗಿರಲಿಲ್ಲ.

"ಇದನ್ನೆಲ್ಲ ಮಾಡೋಷ್ಟರಲ್ಲಿ ತಿಂಗಳಾಗುತ್ತೆ ಅಕ್ಕ. ಅಷ್ಟರಲ್ಲಿ ಮಗೂಗೆ ಕಚ್ಚಿದ್ರೆ?" ಎಂದೆ.

ಕರುಣೆಯನ್ನೆಲ್ಲ ಇವರು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಲಿ ಎಂದು ಮನಸ್ಸಿನಲ್ಲೇ ಗೊಣಗುತ್ತಾ ಒಳಗೆ ಬಂದೆ. ಯಜಮಾನರಿಗೆ ಊಟಕ್ಕೆ ಬಡಿಸುವಾಗಲೂ ಅದೇ ಮಾತು ತೆಗೆದೆ. ಸಂಜೆಗೆ ಅವರು ಇಲಿ ಪಾಷಾಣದ ಪ್ಯಾಕೆಟ್ ತಂದರು. ಒಳಗೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ, ಚಪ್ಪಟೆ ನೀಲಿ ಬಿಲ್ಲೆಗಳು.

"ಪೆಟ್ಟಿಗೆಯೊಳಗಿಟ್ಟು ಬೀಗ ಹಾಕ್ಬೇಕು ಅಂತ ಬರ್ದಿದ್ದಾರೆ ನೋಡೇ," ಎಂದರು ಅವರು.

"ಇಲಿಗೆ ಬಂಗಲೆ ಬೇರೆ ಕಟ್ಟಿಸ್ಬೇಕಾ? ಸುಮ್ನೆ ಇಡಿ," ಎಂದೆ.

ಇಟ್ಟೆವು. ನಲ್ಲಿಯ ಹಿಂದೆ ಒಂದು, ಚಿಂದಿ ಗುಡ್ಡೆಯ ಪಕ್ಕ ಒಂದು, ಬೇಲಿಯ ಬುಡದಲ್ಲಿ ಒಂದು. ಮಗಳಿಗೆ ಹಿತ್ತಲಿಗೆ ಹೋಗಬೇಡ ಎಂದು ಗದರಿಸಿದೆ. ನಾಲ್ಕು ವರ್ಷದ ಮಗುವಿಗೆ ಹೇಳಿದರೆ ಸಾಕು ಎಂದುಕೊಂಡ ಬುದ್ಧಿವಂತೆ ನಾನು.

ಎರಡು ಇಲಿ ಸತ್ತವು. ನನಗೆ ಗೆದ್ದಷ್ಟು ಸಂತೋಷವಾಯಿತು. ನಾಲ್ಕನೆಯ ದಿನ ಮಧ್ಯಾಹ್ನ ಬಟ್ಟೆ ಒಣಹಾಕಲು ಹೋದಾಗ ಮಡಿಯ ನಡುವೆ ಏನೋ ತೂರಾಡುತ್ತಿತ್ತು. ಮುಳ್ಳಿಲಿ. ಸುಡುವ ಬಿಸಿಲಲ್ಲಿ ಎರಡು ಹೆಜ್ಜೆ ಇಡುವುದು, ಬೀಳುವುದು. ಮೂತಿಯ ತುದಿಯಲ್ಲಿ ರಕ್ತವಿತ್ತು. ಹತ್ತಿರ ಹೋದರೂ ಸುರುಟಿಕೊಳ್ಳಲಿಲ್ಲ. ಅಕ್ಕನನ್ನು ಕರೆದೆ.

ಅಕ್ಕ ಕೈಗವಸು ಹಾಕಿಕೊಂಡು ಬಂದು ಅದನ್ನು ರಟ್ಟಿನ ಡಬ್ಬಕ್ಕೆ ಎತ್ತಿಟ್ಟರು. ಅದರ ಬಾಯಿ ಬಿಡಿಸಿ ನೋಡಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಗಲು ಹೊತ್ತು ಇದು ಹೊರಗೆ ಬರೋ ಪ್ರಾಣಿ ಅಲ್ಲ. ವಿಷ ಒಳಗೆ ಹೋಗಿದೆ. ಬಿಲ್ಲೆನೇ ಕಚ್ಚಿರ್ಬೇಕು, ಇಲ್ಲ ಅದನ್ನ ತಿಂದ ಬಸವನಹುಳಾನ ತಿಂದಿರ್ಬೇಕು. ಸತ್ತ ಇಲೀನ ಗೂಬೆ ತಿಂದ್ರೆ ಗೂಬೆಗೂ ಇದೇ ಗತಿ, ಬೆಕ್ಕು ತಿಂದ್ರೆ ಬೆಕ್ಕಿಗೂ ಇದೇ ಗತಿ. ಎಷ್ಟು ಇಟ್ಟಿದ್ದೀರ?"

"ಮೂರು."

"ಈಗಲೇ ತೆಗಿ. ಬರಿಗೈಲಿ ಮುಟ್ಬೇಡ."

ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹೋದೆ. ನಲ್ಲಿಯ ಹಿಂದಿನದು ಇತ್ತು. ಗುಡ್ಡೆಯ ಪಕ್ಕದ್ದು ಅರ್ಧ ಕರಗಿತ್ತು. ಬೇಲಿಯ ಬುಡದಲ್ಲಿ ಏನೂ ಇರಲಿಲ್ಲ. ಎಲೆ ಸರಿಸಿ ಹುಡುಕಿದೆ, ಮಣ್ಣು ಕೆದಕಿದೆ. ಇಲಿ ಎಳೆದುಕೊಂಡು ಹೋಗಿರಬೇಕು ಎಂದು ಹೇಳಲು ತಲೆ ಎತ್ತಿದೆ. ಅಕ್ಕ ನನ್ನನ್ನು ನೋಡುತ್ತಿರಲಿಲ್ಲ. ಹಿತ್ತಲ ಬಾಗಿಲನ್ನು ನೋಡುತ್ತಿದ್ದರು.

"ಮಗು ಎಲ್ಲೇ?" ಎಂದರು.

ಒಳಗೆ ಓಡಿದೆ. ಅಂಗಡಿಯಲ್ಲಿ ಯಜಮಾನರು ಬಟ್ಟೆ ಹಾಸಿಕೊಂಡು ಅಳತೆ ಹಾಕುತ್ತಿದ್ದರು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ ಅವರ ತುಟಿಗಳ ನಡುವೆ ಇತ್ತು. ಎರಡೂ ಕೈ ಟೇಪಿನ ಮೇಲಿದ್ದಾಗ ಅದನ್ನು ಹಾಗೆ ಬಾಯಲ್ಲಿ ಕಚ್ಚಿಕೊಳ್ಳುವುದು ಅವರ ಅಭ್ಯಾಸ. ಆ ಸೀಮೆಸುಣ್ಣವೂ ಚಪ್ಪಟೆ, ಅದೂ ನೀಲಿ. ಮೇಜಿನ ಕೆಳಗೆ ಮಗಳು ಒಂದು ಹಳೆಯ ಬಟ್ಟೆ ಹಾಸಿಕೊಂಡು ಅಂಗಡಿ ಆಟ ಆಡುತ್ತಿದ್ದಳು. ಬಟ್ಟೆಯ ತುಂಬ ನೀಲಿ ಗೆರೆ. ಅವಳೂ ಅಪ್ಪನ ಹಾಗೆಯೇ ಎರಡು ಕೈಯಲ್ಲಿ ದಾರ ಹಿಡಿದು ಅಳೆಯುತ್ತಿದ್ದಳು. ವಿಷದ ಬಿಲ್ಲೆ ಅವಳ ಬಾಯಲ್ಲಿತ್ತು.

ಮನೆಯಲ್ಲಿ ಒಂದೇ ರೀತಿಯ ಎರಡು ನೀಲಿ ವಸ್ತು ಇವೆ, ಒಂದನ್ನು ಅಪ್ಪ ದಿನವೂ ಬಾಯಲ್ಲಿಟ್ಟುಕೊಳ್ಳುತ್ತಾರೆ ಎಂಬುದು ನನಗೆ ಹೊಳೆಯಲೇ ಇಲ್ಲವಲ್ಲ.

ಬಿಲ್ಲೆ ಕಿತ್ತು ಅವಳ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೋದೆ. ಹಿಂದೆಯೇ ಓಡಿಬಂದ ಅಕ್ಕ ನನ್ನ ಕೈ ಹಿಡಿದರು.

"ವಾಂತಿ ಮಾಡಿಸ್ಬೇಡ. ಉಪ್ಪುನೀರೂ ಬೇಡ. ಒದ್ದೆ ಬಟ್ಟೆಲಿ ಬಾಯಿ ಒರೆಸು. ಪ್ಯಾಕೆಟ್ ತಗೋ. ಉಳಿದಿರೋ ತುಂಡೂ ಚೀಲದಲ್ಲಿ ಹಾಕ್ಕೋ. ನಡಿ."

ಅಕ್ಕನ ಸ್ಕೂಟರಿನಲ್ಲಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಮಗಳು ನನ್ನ ಮಡಿಲಲ್ಲಿ ಕುಳಿತು ಹಾಡುತ್ತಿದ್ದಳು. ಅವಳಿಗೆ ಏನೂ ಆಗಿಲ್ಲ ಎಂದು ನಾನು ಡಾಕ್ಟರಿಗೆ ಹೇಳಿದೆ. ಅವರು ಪ್ಯಾಕೆಟ್ ಓದಿ ತಲೆಯಾಡಿಸಿದರು.

"ಈ ವಿಷ ಇವತ್ತು ಏನೂ ತೋರಿಸಲ್ಲಮ್ಮ. ರಕ್ತ ಹೆಪ್ಪುಗಟ್ಟೋದನ್ನ ನಿಧಾನವಾಗಿ ನಿಲ್ಲಿಸುತ್ತೆ. ಎರಡು ಮೂರು ದಿನ ಆದ್ಮೇಲೆ ಮೂಗಿಂದಲೋ, ವಸಡಿಂದಲೋ, ಒಳಗೆಲ್ಲೋ ರಕ್ತ ಶುರುವಾಗುತ್ತೆ. ಮಗು ಆಟ ಆಡ್ತಿದೆ ಅಂತ ಮನೇಲೇ ಇಟ್ಕೊಂಡವರೂ ಇದ್ದಾರೆ. ಪ್ಯಾಕೆಟ್ ತಂದಿದ್ದು ಒಳ್ಳೇದಾಯ್ತು."

ರಕ್ತ ತೆಗೆದರು. ಒಂದು ದಿನ ಅಲ್ಲೇ ಇಟ್ಟುಕೊಂಡರು. ನಾಡಿದ್ದು ಮತ್ತೆ ಪರೀಕ್ಷೆ ಮಾಡಬೇಕು, ಅಲ್ಲಿಯವರೆಗೆ ಮಗು ಬೀಳದಂತೆ, ಗಾಯವಾಗದಂತೆ ನೋಡಿಕೊಳ್ಳಿ ಎಂದು ಕಳುಹಿಸಿದರು.

ಸೂಜಿ, ಕತ್ತರಿ, ಪಿನ್ನುಗಳೇ ತುಂಬಿರುವ ಮನೆಗೆ ಆ ಮಗುವನ್ನು ಕರೆತಂದೆ. ಯಜಮಾನರು ಅಂಗಡಿ ಮುಚ್ಚಿ ನೆಲದ ಮೇಲೆಲ್ಲ ಕೈಯಾಡಿಸಿ ಪಿನ್ನು ಹೆಕ್ಕಿದರು. ಗಂಟೆಗೊಮ್ಮೆ ಅವಳ ತುಟಿ ಎತ್ತಿ ವಸಡು ನೋಡುತ್ತಿದ್ದೆ. ಒಮ್ಮೆ ಅವಳ ಗಲ್ಲದ ಮೇಲೆ ಕೆಂಪು ಕಂಡಿತು. ಮುಟ್ಟಿದರೆ ದಾರದ ತುಂಡು. ನಮ್ಮವರು ಗೋಡೆಗೆ ಒರಗಿ ಕುಳಿತು ಅತ್ತರು. ಅವರು ಅಳುವುದನ್ನು ಅಂದೇ ಮೊದಲು ನೋಡಿದ್ದು.

ಎರಡನೆಯ ಪರೀಕ್ಷೆಯಲ್ಲಿ ಅವಳ ರಕ್ತ ಹೆಪ್ಪುಗಟ್ಟಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು. ವಿಷ ಒಳಗೆ ಹೋಗಿದ್ದು ನಿಜವೇ ಆಗಿತ್ತು. ಡಾಕ್ಟರು ಆ ಕ್ಷಣವೇ ಔಷಧಿ ಶುರು ಮಾಡಿದರು. ವಾರಗಟ್ಟಲೆ ಔಷಧಿ, ಮತ್ತೆ ಮತ್ತೆ ಸೂಜಿ, ಮತ್ತೆ ಮತ್ತೆ ಪರೀಕ್ಷೆ. ಇನ್ನು ಭಯವಿಲ್ಲ ಎಂದು ಅವರು ಹೇಳಿದ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟೆ.

ಮನೆಗೆ ಬಂದವರೇ ಯಜಮಾನರು ಸೀಮೆಎಣ್ಣೆ ಹಿಡಿದು ಚಿಂದಿ ಗುಡ್ಡೆಯತ್ತ ನಡೆದರು. ಸಿಟ್ಟು ಯಾರ ಮೇಲೋ, ಬೆಂಕಿ ಗುಡ್ಡೆಗೆ. ಅಕ್ಕ ಅಡ್ಡ ಬಂದರು.

"ಒಳಗೆ ಯಾವ ಜೀವ ಮಲಗಿದೆಯೋ ನೋಡದೆ ಬೆಂಕಿ ಹಾಕ್ತೀಯೇನಪ್ಪ? ಕೋಲಲ್ಲಿ ಪದರ ಪದರವಾಗಿ ಎಳಿ."

"ಇನ್ನೂ ಪ್ರಾಣಿ ಚಿಂತೆನಾ ಅಕ್ಕ ನಿಮಗೆ? ನಮ್ಮ ಮಗು ಹೋಗಿಬಿಡ್ತಿತ್ತು."

"ಆ ಮುಳ್ಳಿಲಿ ಅವತ್ತು ಮಧ್ಯಾಹ್ನವೇ ನನ್ನ ಡಬ್ಬದಲ್ಲಿ ಸತ್ತುಹೋಯ್ತು ಕಣಪ್ಪ," ಎಂದರು ಅಕ್ಕ. "ಅದು ಸಾಯೋಕೆ ಬಿಸಿಲಿಗೆ ಬರದೇ ಇದ್ದಿದ್ರೆ ಇವಳು ಬಿಲ್ಲೆ ಎಣಿಸ್ತಾನೇ ಇರ್ಲಿಲ್ಲ."

ಯಜಮಾನರು ಸೀಮೆಎಣ್ಣೆ ಡಬ್ಬ ಕೆಳಗಿಟ್ಟರು. ಆಮೇಲೆ ಇಬ್ಬರೂ ಕೋಲು ತೆಗೆದುಕೊಂಡೆವು. ಗುಡ್ಡೆಯ ಹೊಟ್ಟೆಯಲ್ಲಿ ಇಲಿ ಗೂಡುಗಳಿದ್ದವು. ನಮ್ಮ ಬಟ್ಟೆಯಲ್ಲೇ ಅವು ಹಾಸಿಗೆ ಮಾಡಿಕೊಂಡಿದ್ದವು. ಚಿಂದಿಯನ್ನೆಲ್ಲ ಸಾಗಹಾಕಿದೆವು. ನಲ್ಲಿ ರಿಪೇರಿಯಾಯಿತು. ಹಕ್ಕಿಗಳಿಗೆ ಈಗ ಹಿಡಿ ಕಾಳು ಮಾತ್ರ, ಅದೂ ತಟ್ಟೆಯಲ್ಲಿ, ಸಂಜೆಗೆ ಮುಂಚೆ ತಟ್ಟೆ ಒಳಗೆ. ಕಸದ ಡಬ್ಬಕ್ಕೆ ಬಿಗಿ ಮುಚ್ಚಳ, ಗೊಬ್ಬರದ ತೊಟ್ಟಿಯ ತಳಕ್ಕೆ ತಂತಿ ಬಲೆ. ಬಚ್ಚಲ ತೂಬಿಗೆ ಜಾಲರಿ ಹಾಕಿ, ಗೋಡೆಯಲ್ಲಿ ಹೆಬ್ಬೆರಳು ಹೋಗುವಷ್ಟು ಸಂದಿಯಿದ್ದಲ್ಲೆಲ್ಲ ತಂತಿ ಉಂಡೆ ತುರುಕಿ ಸಿಮೆಂಟು ಬಳಿದೆವು. ಬೇಲಿಯ ಬುಡದಲ್ಲಿ ಮಾತ್ರ ಗೇಣಗಲ ಜಾಗ ಬಿಟ್ಟೆವು, ಬೇರೆ ಮುಳ್ಳಿಲಿಗಳಿದ್ದರೆ ಓಡಾಡಲು. ಮನೆಯಿಂದ ದೂರದ ಮೂಲೆಯಲ್ಲಿ ಅವು ಮಲಗಲು ಒಣಗಿದ ಎಲೆ ಹಾಗೇ ಇರಲಿ ಎಂದರು ಅಕ್ಕ, ಬಿಟ್ಟೆವು. ಇಲಿ ಅಂಟಿಕೊಳ್ಳುವ ಅಂಟಿನ ಹಲಗೆಯ ಮಾತು ನಾನೇ ಎತ್ತಿದ್ದೆ. ಅದಕ್ಕೆ ಹಕ್ಕಿ, ಓತಿಕೇತ ಎಲ್ಲ ಸಿಕ್ಕಿ ಒದ್ದಾಡಿ ಸಾಯುತ್ತವೆ ಎಂದು ಅಕ್ಕ ಹೇಳಿದಾಗ ಆ ಯೋಚನೆ ಬಿಟ್ಟೆ.

ಇಲಿಗಳು ಒಂದೇ ದಿನಕ್ಕೆ ಹೋಗಲಿಲ್ಲ. ಮೂರು ವಾರ ಹಿಡಿಯಿತು. ತಿಂಗಳಾಗುತ್ತದೆ ಎಂದು ಅಂದು ನಾನು ಮೂಗು ಮುರಿದ ಕೆಲಸ ಅದು. ಆಸ್ಪತ್ರೆಗೆ ಅಲೆದದ್ದು ಅದಕ್ಕಿಂತ ಹೆಚ್ಚು ದಿನ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ಇಲಿಯ ಭಯ ನಿಮಗೂ ಇರಬಹುದು. ಇಲಿ ಬರುವ ದಾರಿ ಮುಚ್ಚಿ, ಅದರ ಊಟ ನಿಲ್ಲಿಸಿ, ಅದರ ಗೂಡು ತೆಗೆಯಿರಿ. ಅಷ್ಟಕ್ಕೂ ಹೋಗದಿದ್ದರೆ ತಿಳಿದವರನ್ನು ಕರೆಸಿ, ವಿಷವನ್ನು ಬಯಲಲ್ಲಿ ಇಡಬೇಡಿ. ಈಗಾಗಲೇ ಇಟ್ಟಿದ್ದರೆ ಇವತ್ತೇ ಹಿತ್ತಲಿಗೆ ಹೋಗಿ ಎಷ್ಟು ಇಟ್ಟಿದ್ದಿರಿ, ಎಷ್ಟು ಉಳಿದಿದೆ ಎಂದು ಎಣಿಸಿ. ಎಲ್ಲವೂ ಇದ್ದರೆ ಕೈಗೆ ಚೀಲ ಸುತ್ತಿಕೊಂಡು ಎತ್ತಿಬಿಡಿ. ಒಂದು ಕಡಿಮೆಯಾಗಿದ್ದರೂ ಈ ಕಾಗದ ಇಲ್ಲೇ ಬಿಟ್ಟು ಮೊದಲು ಮಗುವಿನ ಬಾಯಿ ನೋಡಿ.