ಕತ್ತರಿಸಿದ ಕಪಾಳಮೋಕ್ಷ

"ಸ್ವಲ್ಪ ತಡೀರಿ," ಎಂದು ಅಸ್ಲಂ ನಮಾಜಿಗೆ ನಿಂತ ಸಾಲುಗಳ ಕಡೆ ತಿರುಗಿದ. ಯಲ್ಲಾಪುರದ ಖಬರಸ್ತಾನದಲ್ಲಿ ಅವನ ತಂದೆ ಇಸಾಕ್ ಸಾಬರ ಜನಾಜಾವನ್ನು ಹೆಗಲಿಂದಿಳಿಸಿ ಸಾಲುಗಳ ಮುಂದೆ ಇಟ್ಟಾಗಿತ್ತು. ಮಣ್ಣು ಮಾಡುವ ಮೊದಲು ಸತ್ತವರ ಪರವಾಗಿ ಮಗ ಎಲ್ಲರಲ್ಲೂ ಮಾಫಿ, ಅಂದರೆ ಕ್ಷಮೆ, ಕೇಳಬೇಕು, ಅದು ರೂಢಿ.

"ನಮ್ಮ ಅಬ್ಬಾ ಯಾರಿಗಾದ್ರೂ ನೋವು ಮಾಡಿದ್ರೆ ಮಾಫ್ ಮಾಡ್ಬಿಡಿ."

"ಮಾಫ್, ಮಾಫ್," ಎಂದವು ಸಾಲುಗಳು. ಅಸ್ಲಂನ ಕಣ್ಣು ಮಾತ್ರ ಬೇಲಿಯ ಬಳಿ ನಿಂತಿದ್ದ ನಂದೊಳ್ಳಿಯ ರೈತ ಶಾಂತಾರಾಮನ ಮೇಲಿತ್ತು. ಅವನ ಬಾಯಿಂದ ಮಾಫಿ ಬಾರದೆ ನನ್ನನ್ನು ಮಣ್ಣಿಗಿಡಬೇಡ ಎಂದು ಅಬ್ಬಾ ಎರಡೆರಡು ಸಲ ಹೇಳಿ ಕಣ್ಣು ಮುಚ್ಚಿದ್ದರು.

"ಶಾಂತಾರಾಮಣ್ಣ, ನೀವು?"

"ನಾ ಮಾಡೂದಿಲ್ಲ."

ಅಬ್ಬಬ್ಬಾ, ಎಂಥ ಎದೆಗಾರಿಕೆ! ಅಸ್ಲಂನ ಚಿಕ್ಕಪ್ಪ ಸಮೀಉಲ್ಲಾ ತೋಳೇರಿಸಿಕೊಂಡೇ ಬಂದರು. "ಮಯ್ಯತ್ ಮುಂದೆ, ಸತ್ತವ್ರ ಮುಂದೆ ಎಂತ ಹಟ ಮಾರಾಯ್ರೆ ನಿಮ್ದು?"

ಅಸ್ಲಂಗೆ ಅಳುವೇ ಬಂತು.

*

ಇಪ್ಪತ್ತೈದು ವರ್ಷದ ಹಿಂದೆ ಇಸಾಕ್ ಸಾಬರು ಟೆಂಟ್ ಟಾಕೀಸಿನಲ್ಲಿ ಆಪರೇಟರ್. ಆ ವಾರದ ಸಿನಿಮಾದ ನಾಯಕ ತಾಲೂಕು ಕಚೇರಿಗೆ ನುಗ್ಗಿ ಗುಮಾಸ್ತನ ಕಪಾಳಕ್ಕೆ ಬಾರಿಸುತ್ತಿದ್ದ. ಇಡೀ ಕಚೇರಿ ಎದ್ದು ಕೈಮುಗಿಯುತ್ತಿತ್ತು. "ಒನ್ಸ್ ಮೋರ್" ಎಂದು ಜನ ಬೆಂಚು ಬಡಿದರು. ಸಾಬರೂ ಖುಷಿಯಲ್ಲಿ ರೀಲು ಹಿಂದೆ ಸುತ್ತಿ ಇನ್ನೊಮ್ಮೆ ಬಿಟ್ಟರು.

ಮರುದಿನ ಶಾಂತಾರಾಮ ಪಹಣಿಗೆಂದು ಕಚೇರಿಗೆ ಹೋದ. ಗುಮಾಸ್ತ ದಿನಕರರು "ಸ್ವಲ್ಪ ಕೂತ್ಕೊಳ್ಳಿ" ಎಂದದ್ದೇ ತಡ, ಬಿಗಿದೇಬಿಟ್ಟ. ಯಾರೂ ಕೈಮುಗಿಯಲಿಲ್ಲ. ದಿನಕರರ ಕೈಯಲ್ಲಿದ್ದದ್ದು ಅವನದೇ ಪಹಣಿ, ಮೊಹರು ಒತ್ತುವುದಷ್ಟೇ ಬಾಕಿ. ಎಂಟು ದಿನ ಜೈಲಾಯಿತು.

ಸುದ್ದಿ ಕೇಳಿ ಸಾಬರು ರೀಲಿಗೆ ಕತ್ತರಿ ಹಿಡಿದರು. ಆಮೇಲೆ ಯಾವ ಸಿನಿಮಾದಲ್ಲೂ ಅಧಿಕಾರಿಯ ಕೆನ್ನೆಗೆ ಯಲ್ಲಾಪುರದಲ್ಲಿ ಏಟು ಬೀಳಲಿಲ್ಲ. ನಾಯಕ ಕೈ ಎತ್ತಿದವನು ಮರುಕ್ಷಣ ನಾಯಕಿಯ ಜೊತೆ ಹಾಡುತ್ತಿದ್ದ. ಜನ ಉಗಿದರು, ಮಾಲೀಕ ಉಗಿದ; ಸಾಬರು ಜಗ್ಗಲಿಲ್ಲ. ಶಾಂತಾರಾಮ ಎದುರಾದರೆ ಮಾತ್ರ ತಲೆ ತಗ್ಗಿಸಿ ರಸ್ತೆ ದಾಟಿಬಿಡುತ್ತಿದ್ದರು.

*

"ಆ ಸಿನಿಮಾ ನೋಡಿ ಸರ್ಕಾರದವ್ರೆಲ್ಲ ಕಳ್ರು ಅಂದ್ಕೊಂಡಿದ್ದೆ, ಹೌದು." ಶಾಂತಾರಾಮನ ದನಿ ಗಟ್ಟಿಯಾಗಿತ್ತು. "ಆದ್ರೆ ಅದನ್ನ ಊರೆಲ್ಲ ನೋಡ್ತು, ಹೊಡೆದವ ನಾ ಒಬ್ನೇ. ಸಾಬ್ರು ಅದನ್ನ ತಮ್ಮ ತಪ್ಪು ಅಂತ ಹೊತ್ಕೊಂಡು ತಿರುಗಿದ್ರು. ನಾನೂ ಸುಮ್ನಿದ್ದೆ, ನಂಗೆ ಹಗುರಾಗ್ತಿತ್ತಲ್ಲ! ಈಗ ಮಾಫ್ ಅಂದ್ರೆ ನನ್ನ ತಪ್ಪು ಅವ್ರ ಜೊತೆ ಮಣ್ಣಿಗೆ ಹೋಗ್ತದೆ. ಬೇಡ. ಅದು ನನ್ನ ಹತ್ರನೇ ಇರ್ಲಿ. ಅವ್ರು ಆರಾಮಾಗಿ ಹೋಗ್ಲಿ."

ಸಮೀಉಲ್ಲಾರ ತೋಳು ಇಳಿಯಿತು. ಅಸ್ಲಂ ಕಣ್ಣೊರೆಸಿಕೊಂಡು ಸಾಲಿಗೆ ಸೇರಿದ, ನಮಾಜು ನಡೆಯಿತು.

ಆಮೇಲೆ ಒಬ್ಬೊಬ್ಬರೂ ಗೋರಿಗೆ ಮೂರು ಹಿಡಿ ಮಣ್ಣು ಹಾಕಿದರು. ನಿವೃತ್ತರಾದ ದಿನಕರರೂ ಕೋಲೂರಿಕೊಂಡು ಬಂದಿದ್ದರು. ಮಂಡಿನೋವು, ಬಗ್ಗಲಾಗಲಿಲ್ಲ. ಶಾಂತಾರಾಮ ಬಗ್ಗಿ ಬಲಗೈಯಲ್ಲಿ ಮಣ್ಣೆತ್ತಿ ಅವರ ಅಂಗೈಗೆ ಹಾಕಿದ, ಮೂರು ಸಲ.