ಕೆಮ್ಮಣ್ಣನ ಡಬ್ಬಿಗಳು

ಡ್ರಾಯರ್ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಮಗಳು ಎರಡೂ ಕೈ ಹಾಕಿ ಜಗ್ಗಿದಳು. ಅಪ್ಪನಿಗೆ ಕೊನೆಯದಾಗಿ ತೊಡಿಸಲು ಬಿಳಿ ಅಂಗಿ ಹುಡುಕುತ್ತಿದ್ದವಳ ಕಾಲ ಮೇಲೆ ತಗಡಿನ ಡಬ್ಬಿಗಳು ಲಟಲಟನೆ ಉದುರಿದವು. ಕೆಮ್ಮಿನ ಮಾತ್ರೆ. ಹನ್ನೊಂದು ಡಬ್ಬಿ. ಒಂದರ ಸೀಲೂ ಒಡೆದಿರಲಿಲ್ಲ.

"ಕುಳ್ಳ, ಏನೋ ಇದು?"

ಬಾಗಿಲಲ್ಲಿ ನಿಂತಿದ್ದ ಕುಳ್ಳ ಹಾಸ್ಯನಟ. ಸಾವಿನ ಮನೆಯಲ್ಲೂ ಅವನ ಮುಖ ಕಂಡರೆ ಜನ ತುಟಿ ಕಚ್ಚಿ ನಗು ನುಂಗುತ್ತಿದ್ದರು.

"ಹೀರೋ ಕೊಟ್ಟಿದ್ದು ಅಕ್ಕಾ. ಅಣ್ಣನ ಜೊತೆ ಒಂದೊಂದು ಪಿಕ್ಚರ್ ಮುಗಿದಾಗ್ಲೂ ಒಂದೊಂದು."

"ಅಪ್ಪ ಮನೇಲಿ ಕೆಮ್ಮಿದ್ದು ನಾನು ಒಂದಿನಾನೂ ಕೇಳಿಲ್ಲ. ನಿಂತಿದ್ದು ಹಾರ್ಟು. ಶ್ವಾಸಕೋಶ ಗಾಜಿನಷ್ಟು ಶುದ್ಧವಾಗಿದೆ ಅಂದ್ರು ಡಾಕ್ಟ್ರು. ಮತ್ತೆ ಸೆಟ್ಟಲ್ಲಿ ಕೆಮ್ಮಣ್ಣ ಅಂತ ಯಾಕೆ ಕರೀತಿದ್ರಿ? ಶಾಟ್ ಕೆಡಿಸ್ತಾನೆ ಅಂತ ಪಾತ್ರ ಕೊಡೋದೇ ಬಿಟ್ರಲ್ಲ. ಕುಡಿದು ಬರ್ತಾರೆ ನಿಮ್ಮಪ್ಪ ಅಂತ ಡೈರೆಕ್ಟರ್ ನಂಗೇ ಫೋನ್ ಮಾಡಿ ಹೇಳಿದ್ರು."

"ಅಕ್ಕಾ, ಆ ಸಸ್ಪೆನ್ಸ್ ಕ್ಲೈಮ್ಯಾಕ್ಸಲ್ಲಿ..." ಎಂದು ತಮಾಷೆ ಶುರುಮಾಡಿದವನು ಅವಳ ಕಣ್ಣು ನೋಡಿ ಬಾಯಿಗೆ ಬೀಗ ಹಾಕಿಕೊಂಡ.

"ಹನ್ನೆರಡಕ್ಕೆ ಗಾಡಿ ಬರುತ್ತೆ. ಅಷ್ಟರಲ್ಲಿ ಯಾರಾದ್ರೂ ನಿಜ ಹೇಳ್ಬೇಕು. ಕುಡುಕ ಅನ್ನಿಸ್ಕೊಂಡು ನಮ್ಮಪ್ಪ ಈ ಮನೆಯಿಂದ ಹೋಗ್ಬಾರ್ದು."

*

ವರ್ಷಗಳ ಹಿಂದೆ, ಅವತ್ತು ಕುಳ್ಳನ ಮೊದಲ ಶೂಟಿಂಗು. ಎದುರಿಗೆ ಹೀರೋ, ಸುತ್ತ ಎಂಬತ್ತು ಜನ, ನೆತ್ತಿಯ ಮೇಲೆ ಕೆಂಡದಂಥ ದೀಪ. ಕನ್ನಡಿ ಮುಂದೆ ನೀರು ಕುಡಿದಷ್ಟು ಸಲೀಸಾಗಿ ಹೇಳಿದ್ದ ಡೈಲಾಗು ಗಂಟಲಲ್ಲೇ ಆವಿಯಾಯಿತು. ಎರಡು ಸಲ ತಪ್ಪಿದ್ದ. ಮೂರನೇ ಸಲ ತಪ್ಪಿದರೆ ಎಂದು ಇನ್ನೊಬ್ಬ ಆಗಲೇ ಮೇಕಪ್ ಹಾಕಿಸಿಕೊಂಡು ಕೂತಿದ್ದ.

ಪಕ್ಕದಲ್ಲಿ ಗುಮಾಸ್ತನ ವೇಷದಲ್ಲಿದ್ದ ಕೆಮ್ಮಣ್ಣ ಎದೆ ಬಿರಿಯುವಂತೆ ಕೆಮ್ಮಿದ.

"ತಪ್ಪು ನಂದು ಸಾರ್. ಇನ್ನೊಂದ್ಸಲ."

ಬೈಗುಳವೆಲ್ಲ ಅವನ ತಲೆಗೆ ಬಿತ್ತು. ನೀರಿನ ಲೋಟ ಎತ್ತುವ ನೆಪದಲ್ಲಿ ಬಗ್ಗಿ, ಮರೆತುಹೋದ ಸಾಲನ್ನು ಕುಳ್ಳನ ಕಿವಿಗೆ ಉಸುರಿದ.

ಸಂಜೆ ಕುಳ್ಳ ಕೇಳಿದ್ದ: "ಅಣ್ಣಾ, ಇವತ್ತು ಹೀರೋ ತಡವರಿಸಿದಾಗ್ಲೂ ಹಿಂಗೇ ಕೆಮ್ಮಿದ್ರಲ್ಲ?"

"ಎಂಟು ವರ್ಷದಿಂದ ಅವನ ತಲೇಲಿ ಮಾತು ನಿಲ್ತಿಲ್ಲ ಕಣೋ. ಆಚೆ ಗೊತ್ತಾದ್ರೆ ಅವನ ಕತೆ ಮುಗೀತು."

"ನಿಮ್ಮ ಕತೆ?"

"ಎದುರಿಗಿರೋನು ಬಿದ್ದೋದ್ರೆ ನಾನ್ಯಾರ ಜೊತೆ ಆಕ್ಟ್ ಮಾಡ್ಲಿ, ಗೋಡೆ ಜೊತೆನಾ? ಯಾರಿಗೂ ಹೇಳ್ಬೇಡ. ನನ್ನ ಮಗಳಿಗೂ."

ಕುಳ್ಳ ಆಣೆ ಮಾಡಿದ್ದ.

*

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಹೀರೋ ಬಂದ. ಕಪ್ಪು ಕನ್ನಡಕ, ಜೇಬಿನಲ್ಲಿ ಬರೆದುಕೊಂಡ ಚೀಟಿ. ನಡುಮನೆಯಲ್ಲಿ ಟೀವಿಯವರ ಮೈಕುಗಳು ಅವನ ಗದ್ದಕ್ಕೆ ಮುತ್ತಿದವು. ಬಿಳಿ ಅಂಗಿಯಲ್ಲಿ ಮಲಗಿದ್ದ ಕೆಮ್ಮಣ್ಣನ ಪಕ್ಕ ಮಗಳು ನಿಂತಿದ್ದಳು, ಕೈಯಲ್ಲೊಂದು ಡಬ್ಬಿ.

"ನಮ್ಮ ಕೆಮ್ಮಣ್ಣ... ಆರೋಗ್ಯ ಕೈಕೊಟ್ರೂ..."

ಹೀರೋನ ಕಣ್ಣು ಡಬ್ಬಿಯ ಮೇಲೆ ಬಿತ್ತು. ಮುಂದಿನ ಮಾತು ಬರಲಿಲ್ಲ. ಚೀಟಿ ತೆಗೆದು ನೋಡಿದ. ಕಪ್ಪು ಕನ್ನಡಕದಲ್ಲಿ ಅಕ್ಷರಗಳು ಕಾಣಲಿಲ್ಲ. ಮೈಕುಗಳು ಇನ್ನಷ್ಟು ಹತ್ತಿರ ಬಂದವು.

ಕುಳ್ಳ ಲೆಕ್ಕ ಹಾಕಿದ. ಇನ್ನೊಂದು ನಿಮಿಷ ಸುಮ್ಮನಿದ್ದರೆ ಸಾಕು, ಗುಟ್ಟು ತಾನಾಗಿಯೇ ರಟ್ಟಾಗುತ್ತದೆ. ಆಣೆಯೂ ಮುರಿಯುವುದಿಲ್ಲ. ಬೀಳಲಿ ಬಿಡು. ಕೆಮ್ಮಣ್ಣನ ಕಡೆ ನೋಡಿದ. ಇಂಥ ಹೊತ್ತಲ್ಲಿ ಆ ಮನುಷ್ಯ ಸುಮ್ಮನಿದ್ದದ್ದು ಇದೇ ಮೊದಲು.

ಕುಳ್ಳ ಎದೆ ಬಿರಿಯುವಂತೆ ಕೆಮ್ಮಿದ.

ಕ್ಯಾಮೆರಾಗಳು ಅವನ ಕಡೆ ತಿರುಗಿದವು. "ತಪ್ಪು ನಂ..." ಎಂದು ಶುರುಮಾಡಿದ.

"ನಿಂದಲ್ಲ ಕಣೋ," ಎಂದು ಹೀರೋ ಕನ್ನಡಕ ತೆಗೆದ. ಚೀಟಿಯನ್ನು ಮಡಚಿ ಜೇಬಿಗಿಟ್ಟ. ಮೈಕುಗಳಿಗಲ್ಲ, ಮಗಳಿಗೆ ಹೇಳಿದ. "ತಪ್ಪು ನಂದು. ಮಾತು ಮರೀತಿದ್ದೋನು ನಾನು. ಅದು ಕಾಣಬಾರ್ದು ಅಂತ ಕೆಮ್ತಿದ್ದೋನು ನಿಮ್ಮಪ್ಪ. ಕುಡಿದಿರ್ಲಿಲ್ಲಮ್ಮ, ಯಾವತ್ತೂ. ಇನ್ನೊಂದ್ಸಲ... ಮೊದಲಿಂದ ಹೇಳ್ತೀನಿ."

ಹೇಳಲಾಗಲಿಲ್ಲ. ನಿಜವಾದ ಕೆಮ್ಮೇ ಒತ್ತರಿಸಿ ಬಂತು.

ಬೀದಿಯಲ್ಲಿ ಗಾಡಿ ಹಾರ್ನ್ ಹಾಕಿತು. ಮಗಳು ಡಬ್ಬಿಯ ಸೀಲನ್ನು ಉಗುರಿನಿಂದ ಎಬ್ಬಿಸಿ ಕಿತ್ತಳು. ಮುಚ್ಚಳ ತೆಗೆದು, ಮೈಕುಗಳ ಮೇಲಿಂದ ಅವನತ್ತ ಕೈ ಚಾಚಿದಳು.